‘ಲೇ’ ಅಂದ ಮಿಸ್!

ಊಟದ ಬೆಲ್ಲಿಗೆ ಇನ್ನೊಂದು ಹತ್ತು ನಿಮಿಷ ಇತ್ತು ಅಷ್ಟೇ, ಎರಡನೇ ಕ್ಲಾಸಿನ ಹುಡುಗ ಒಬ್ಬ ಓಡಿ ಬಂದು ನನ್ ಟೇಬಲ್ ಮುಂದೆ ನಿಂತ. ಮೂಗು ಸುರೀತಿದೆ, ಕಣ್ಣೂ ಸುರೀತಿದೆ, ಒರೆಸ್ಕೊಳ್ಳೋಕೂ ಪುರುಸೊತ್ತಿಲ್ಲ ಅವನಿಗೆ. "ಮಿಸ್ಸೂ, ಅವ್ನು ನಂಗೆ ಲೇ ಅಂದ ಮಿಸ್!"

ಆರೋಪಿ ಹಿಂದೇನೇ ಬಂದು ನಿಂತಿದ್ದ. ಬಳ್ಳಾರಿ ಕಡೆ ಹುಡುಗ, ಶಾಲೆಗೆ ಬರೋಕೆ ಶುರು ಮಾಡಿ ಎಂಟು ದಿನ ಆಗಿತ್ತು. ಅಪ್ಪ ಅಮ್ಮ ಕಬ್ಬು ಕಡಿಯೋಕೆ ಬಂದೋರು, ಊರಾಚೆ ಬಯಲಲ್ಲಿ ಟಾರ್ಪಾಲ್ ಕಟ್ಕೊಂಡು ಇದ್ರು. ಏನಂದ್ಯೋ ಅಂತ ಕೇಳ್ದೆ. "ಏನೂ ಇಲ್ರೀ, ರಬ್ಬರ್ ಕೊಡಲೇ ಅಂದೆ ರೀ" ಅಂದ. ಮುಖದಲ್ಲಿ ಕಳ್ಳತನ ಏನೂ ಇಲ್ಲ, ಇದ್ರಲ್ಲಿ ಅಳೋದು ಏನಿದೆ ಅಂತ ಅವನಿಗೇ ಆಶ್ಚರ್ಯ.

"ನೋಡು ಮಿಸ್, ಅವ್ನೇ ಒಪ್ಕಂಡ ನೋಡು! ನಾನೇನ್ಲಾ ಮಾಡಿದ್ದೆ ನಿಂಗೆ? ಯಾಕ್ಲಾ ಲೇ ಅಂದೆ? ಏನ್ಲಾ ನಿಂಗೆ ಬಂದಿರೋದು?"

ಒಂದು ಲೇಗೆ ಮೂರು ಲಾ ವಾಪಸ್. ನಂಗೆ ನಗು ತಡೆಯೋಕಾಗ್ಲಿಲ್ಲ, ಡಸ್ಟರ್ ಹುಡುಕೋ ತರ ಟೇಬಲ್ ಕೆಳಗೆ ಬಗ್ಗಿ ನಕ್ಕೆ.

ನಾನು ಸಾಗರದ ಕಡೆಯವಳು, ಕೆಲಸ ಮಂಡ್ಯ ಜಿಲ್ಲೆಯ ಒಂದು ಹಳ್ಳಿಲಿ, ನಲಿಕಲಿ ಟೀಚರ್ರು, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ. ಊರ ಹೆಸರು ಹೇಳಲ್ಲ, ಚಿಕ್ಕ ಊರು, ಎಲ್ರ ಕೈಲೂ ಫೋನಿದೆ, ನಾಳೆ ಬೆಳಿಗ್ಗೆ ಗೇಟ್ ಹತ್ರಾನೇ ಪಂಚಾಯ್ತಿ ಆಗುತ್ತೆ. ಮಕ್ಕಳ ಹೆಸರೂ ಬರೆಯಲ್ಲ. ಇಲ್ಲಿಗೆ ಬಂದ ಮೊದಲ ವಾರ ನನಗೂ ಆ ಹುಡುಗನ ಕತೆನೇ ಆಗಿತ್ತು ಅನ್ನೋದು ಮಾತ್ರ ಹೇಳ್ಬೇಕು. ಒಂದನೇ ಕ್ಲಾಸಿನ ಮಕ್ಕಳು ಬಂದು ಸೆರಗು ಜಗ್ಗಿ "ಬಾ ಮಿಸ್, ಕುಂತ್ಕೋ ಮಿಸ್, ನೀನು ಉಂಡ್ಯಾ ಮಿಸ್" ಅಂತಿದ್ವು. ನಮ್ಮ ಕಡೆ ಟೀಚರಿಗೆ ಏಕವಚನ ಹಾಕೋದಂದ್ರೆ ಮನೇಲಿ ನಾಲ್ಕು ಬೀಳುತ್ತೆ. ಸಂಜೆ ಬಾಡಿಗೆ ರೂಮಿಗೆ ಹೋಗಿ ಅಮ್ಮಂಗೆ ಫೋನ್ ಮಾಡಿ ಮಕ್ಕಳಿಗೆ ಒಂಚೂರೂ ಸಂಸ್ಕಾರ ಇಲ್ಲ ಮಾರಾಯ್ತಿ ಅಂತ ಗೋಳಾಡಿದ್ದೆ. ಆಮೇಲೆ ಹಬ್ಬಕ್ಕೆ ದೇವಸ್ಥಾನಕ್ಕೆ ಹೋದಾಗ ನೋಡಿದ್ರೆ ಅಲ್ಲಿ ಅಜ್ಜಿಯೊಬ್ರು ದೇವರಿಗೇ "ಬಾರಪ್ಪಾ, ಬಂದು ಕಣ್ಬುಟ್ಟು ನೋಡು" ಅಂತಿದಾರೆ. ದೇವರಿಗೇ ಏಕವಚನ ಇರೋ ಊರಲ್ಲಿ ನಾನ್ಯಾವ ಲೆಕ್ಕ.

ಆದ್ರೂ ಬುದ್ಧಿ ಪೂರ್ತಿ ಬರೋಕೆ ಇನ್ನೂ ವರ್ಷಗಳು ಬೇಕಾಯ್ತು. ತರಬೇತಿಗಳಲ್ಲಿ ನಮಗೆ ಜೀವನ ಕೌಶಲ ಅಂತ ಒಂದು ಸೆಷನ್ ಇದ್ದೇ ಇರುತ್ತೆ, ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿರೋ 10 ಕೌಶಲ, ಅದ್ರಲ್ಲಿ ಪರಾನುಭೂತಿ (ಇನ್ನೊಬ್ರ ಜಾಗದಲ್ಲಿ ನಿಂತು ಅವರ ಮನಸ್ಸು ತಿಳ್ಕೊಳ್ಳೋದು), ಅಂತರ್ವ್ಯಕ್ತಿ ಸಂಬಂಧ ಅಂತೆಲ್ಲ ಬರುತ್ತೆ, ಪರಾನುಭೂತಿ ಅನ್ನೋದನ್ನ ತಪ್ಪಿಲ್ದೆ ಬರಿಯೋದೇ ಒಂದು ಕೌಶಲ ಅಂತ ಪಕ್ಕದ ಸ್ಕೂಲ್ ಮೇಷ್ಟ್ರು ನನ್ ಕಿವೀಲಿ ಹೇಳಿದ್ರು. ಅಂಥದ್ದೇ ಒಂದು ತರಬೇತಿ ಮುಗಿಸ್ಕೊಂಡು ಭಾರಿ ಉತ್ಸಾಹದಲ್ಲಿ ಬಂದು ರಾತ್ರಿ ಹನ್ನೊಂದರವರೆಗೂ ಕೂತು ಚಾರ್ಟ್ ಮಾಡಿದ್ದೆ. ದೊಡ್ಡ ಸೂರ್ಯಕಾಂತಿ ಹೂವು, ಮೂರು ಎಸಳಲ್ಲಿ ಮೂರು ಮಂತ್ರ. ದಯವಿಟ್ಟು, ಕ್ಷಮಿಸಿ, ಧನ್ಯವಾದ. ದಿನಾ ಪ್ರಾರ್ಥನೆ ಆದ್ಮೇಲೆ ಮೂರೂ ಹೇಳಿಸ್ತಿದ್ದೆ.

ಒಂದೇ ತಿಂಗಳಿಗೆ ಬಾಯಿಪಾಠ ಬಂತು. ಬಂದಿದ್ದು ಬಾಯಿಪಾಠ ಮಾತ್ರ. "ದಯವಿಟ್ಟು ಕೊಡ್ಲಾ" ಅಂತ ಕಿತ್ಕೊಳ್ಳೋದು, ಕಿತ್ಕೊಂಡು ಓಡ್ತಾ ಓಡ್ತಾ "ಧನ್ಯವಾದ" ಅಂತ ಕೂಗೋದು. ಕ್ಷಮಿಸಿ ಅನ್ನೋದು ಬಾಯಿಗೆ ಕಷ್ಟ ಆಗಿ ಎರಡೇ ದಿನಕ್ಕೆ ಸಾರಿ ಆಯ್ತು. ಸಾರಿ ಅಂದ್ರೆ ಮಕ್ಕಳಿಗೆ ಟೋಲ್ ಗೇಟ್ ದುಡ್ಡು ಕೊಟ್ಟ ಹಾಗೆ. ಹೊಡಿ, ಸಾರಿ ಅನ್ನು, ಮುಂದಕ್ಕೆ ಹೋಗು. ಒಬ್ಬ ಹುಡುಗ ಅಂತೂ ಮೊದ್ಲು ಸಾರಿ ಹೇಳಿ ಆಮೇಲೆ ಹೊಡೀತಿದ್ದ, ಅಡ್ವಾನ್ಸು. ಬೈದ್ರೆ "ಸಾರಿ ಏಳಿವ್ನಿ ಮಿಸ್" ಅಂತಾನೆ, ರಸೀದಿ ತೋರಿಸೋ ತರ. ಹೊಡೆಸ್ಕೊಂಡವನು ಪಾಪ ತಲೆ ಉಜ್ಕೋತಾ "ಸಾರಿ ಅಂದ್ರೂ ನೋಯ್ತದೆ ಮಿಸ್" ಅಂದ, ಆ ಮಾತಿಗೆ ನನ್ ಹತ್ರ ಉತ್ತರ ಇರ್ಲಿಲ್ಲ.

ಆಮೇಲೆ ಯೋಚನೆ ಮಾಡಿ ನೋಡಿದ್ರೆ ನಾನೇ ಮನೇಲಿ ಯಾವತ್ತು ಧನ್ಯವಾದ ಅಂದಿದೀನಿ? ಅಮ್ಮ ಊಟ ಬಡಿಸಿದ್ರೆ ಧನ್ಯವಾದ ಅಮ್ಮ ಅಂದ್ರೆ ಅವಳು ಹಣೆ ಮುಟ್ಟಿ ಜ್ವರ ನೋಡ್ತಾಳೆ. ದಯವಿಟ್ಟು ಅನ್ನೋದನ್ನ ನಾವು ಬರೆಯೋದು ರಜಾ ಅರ್ಜೀಲಿ, ಕೇಳೋದು ರೈಲ್ವೆ ಸ್ಟೇಷನ್ ಮೈಕಲ್ಲಿ. ಹಾಗಂತ ನಮಗೆ ಮರ್ಯಾದೆ ಗೊತ್ತಿಲ್ಲ ಅಂತಲ್ವಲ್ಲ. ನಮ್ಮ ಭಾಷೇಲಿ ಅದು ಕ್ರಿಯಾಪದದ ಬಾಲದಲ್ಲಿ ಕೂತಿರುತ್ತೆ, ಇಲ್ಲಾಂದ್ರೆ ಅಕ್ಕ ಅಣ್ಣ ಅಜ್ಜಿ ಅನ್ನೋದ್ರಲ್ಲಿ ಕೂತಿರುತ್ತೆ. ಕೊಡು ಅನ್ನೋದು ಬೇರೆ, ಕೊಡ್ತೀಯಾ ಅನ್ನೋದು ಬೇರೆ, ಒಂಚೂರು ಕೊಡ್ತೀಯೇನೋ ಅನ್ನೋದು ಇನ್ನೂ ಬೇರೆ. ಹೋಗ್ತೀನಿ ಅನ್ನಬಾರ್ದು, ಹೋಗಿ ಬರ್ತೀನಿ ಅನ್ಬೇಕು ಅನ್ನೋದನ್ನ ಯಾವ ಚಾರ್ಟೂ ಇಲ್ದೆ ಮೂರು ವರ್ಷದ ಮಗು ಕಲ್ತಿರುತ್ತೆ. ನಮ್ಮ ಶಾಲೇಲಿ ನನ್ ಮುಂದೆ ದಯವಿಟ್ಟು ಕೊಡ್ಲಾ ಅಂತಿದ್ದ ಅದೇ ಹುಡುಗ ಅಡುಗೆಯೋರ ಹತ್ರ ತಟ್ಟೆ ಹಿಡ್ಕೊಂಡು ಹೋಗಿ "ಅಕ್ಕಾ, ಇನ್ನೊಂಚೂರು ಸಾರು ಬುಡಕ್ಕಾ" ಅಂತಿದ್ದ. ಆ ಎರಡು ಅಕ್ಕದ ಮಧ್ಯೆ ದಯವಿಟ್ಟು ಧನ್ಯವಾದ ಎಲ್ಲ ಬಂತು, ಅಡುಗೆಯೋರೂ ಕರಗಿ ಎರಡು ಆಲೂಗಡ್ಡೆ ಹೆಚ್ಚಿಗೆ ಹಾಕ್ತಿದ್ರು. ಅಂದ್ರೆ ಅವನಿಗೆ ಬರುತ್ತೆ. ಬೇಕಾದ ಕಡೆ ಉಪಯೋಗಿಸ್ತಾನೆ. ಜೊತೆ ಹುಡುಗನ ಹತ್ರ ಉಪಯೋಗಿಸ್ಬೋದು ಅಂತ ಮಾತ್ರ ಹೊಳ್ದಿಲ್ಲ.

ಚಾರ್ಟ್ ತೆಗೆದೆ. ಬಿಸಾಕಲಿಲ್ಲ, ಹಿಂದುಗಡೆ ಖಾಲಿ ಇತ್ತಲ್ಲ, ಅದ್ರಲ್ಲಿ ನೀರು ತುಂಬೋ ಪಾಳಿ ಬರೆದು ಹಾಕಿದೀನಿ.

ಅದ್ರ ಬದಲಿಗೆ ಬೆಳಿಗ್ಗೆ ಒಂದು ಹತ್ತು ನಿಮಿಷ ಆಟ ಶುರು ಮಾಡಿದೆ. ಒಬ್ರ ಕೈಲಿ ರಬ್ಬರ್, ಇನ್ನೊಬ್ರು ಕೇಳ್ಬೇಕು. ಮೊದ್ಲು ಕಿತ್ಕೊಳ್ಳೋ ತರ ಕೇಳು, ಆಮೇಲೆ ಅಜ್ಜಿ ಹತ್ರ ದುಡ್ಡು ಕೇಳೋ ತರ ಕೇಳು, ಆಮೇಲೆ ನಿನ್ ತಂಗಿ ಕೈಲಿ ಸಿಹಿ ಇದ್ರೆ ಹೆಂಗ್ ಕೇಳ್ತೀಯ ಹಂಗ್ ಕೇಳು. ಮಕ್ಕಳಿಗೆ ಇದು ನಾಟಕ, ಬಿದ್ದು ಬಿದ್ದು ನಗ್ತಾವೆ. ಯಾವ ತರ ಕೇಳಿದ್ರೆ ಕೊಡೋಕೆ ಮನಸ್ಸಾಯ್ತು ಅಂತ ರಬ್ಬರ್ ಇದ್ದೋರೇ ಹೇಳ್ಬೇಕು, ನಾನು ಬಾಯಿ ಹಾಕಲ್ಲ. ತುಂಬ ಸಲ ಗೆಲ್ಲೋದು "ನಿಂದು ಬರ್ದಾದ್ಮೇಕೆ ಕೊಡ್ತೀಯಾ?" ಅನ್ನೋದು. ಇದು ನಾನು ಹೇಳ್ಕೊಟ್ಟಿದ್ದಲ್ಲ, ಮೂರನೇ ಕ್ಲಾಸಿನ ಒಂದು ಹುಡುಗಿ ಹೇಳಿದ್ದು, ಅವಳ ಮನೇಲಿ ನಾಲ್ಕು ಮಕ್ಕಳಿಗೆ ಒಂದು ಸೈಕಲ್. ಹಾಂ, ಇನ್ನೊಂದು. ಕೊಡಲ್ಲ ಅನ್ನೋಕೂ ಕಲಿಸ್ತೀನಿ. ಕೇಳಿದ್ದಕ್ಕೆಲ್ಲ ಕೊಟ್ಬಿಡೋ ಮಗು ಒಳ್ಳೆ ಮಗು ಅಂತ ನಮ್ಮೋರಿಗೆಲ್ಲ ಒಂದು ಭ್ರಮೆ, ವಿಶೇಷವಾಗಿ ಹೆಣ್ಮಕ್ಕಳ ವಿಷಯದಲ್ಲಿ. ಈಗ ಆಗಲ್ಲ ಕಣೋ, ನಂಗೂ ಬೇಕು ಅಂತ ಅಳದೆ, ಹೊಡೀದೆ ಹೇಳೋಕೆ ಬಂದ್ರೆ ಅದು ದಯವಿಟ್ಟುಗಿಂತ ದೊಡ್ಡ ವಿದ್ಯೆ ಅಂತ ನನ್ ಲೆಕ್ಕ.

ಇದ್ರ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳೋಕೆ ಕಾರಣ ಕೊರೋನ. 2020ರ ಮಾರ್ಚಲ್ಲಿ ಮುಚ್ಚಿದ ಶಾಲೆ ನಮ್ಮ ಚಿಕ್ಕ ಮಕ್ಕಳಿಗೆ, ಅಂದ್ರೆ ಒಂದರಿಂದ ಐದನೇ ಕ್ಲಾಸಿಗೆ, ಮತ್ತೆ ತೆಗೆದಿದ್ದು 2021ರ ಅಕ್ಟೋಬರ್ 25ಕ್ಕೆ. ಮಧ್ಯೆ ವಿದ್ಯಾಗಮ ಅಂತ ಜಗಲಿ ಮೇಲೆ, ಮರದ ಕೆಳಗೆ ಒಂದಷ್ಟು ದಿನ ಪಾಠ ಮಾಡಿದ್ವಿ, ಅದೂ ನಿಂತೋಯ್ತು. ಅಕ್ಟೋಬರಲ್ಲಿ ತಳಿರು ತೋರಣ ಕಟ್ಟಿ ಮಕ್ಕಳನ್ನ ಒಳಗೆ ಕರ್ಕೊಂಡ್ವಿ ನೋಡಿ, ಎರಡನೇ ಕ್ಲಾಸು ಅಂತ ಹೆಸರಿತ್ತು, ಅವು ಒಂದನೇ ಕ್ಲಾಸೇ ನೋಡಿರ್ಲಿಲ್ಲ, ಅಂಗನವಾಡೀನೂ ಅರ್ಧಕ್ಕೆ ನಿಂತಿತ್ತು. ಅಕ್ಷರ ಗೊತ್ತಿಲ್ಲ ಅನ್ನೋದು ದೊಡ್ಡ ವಿಷಯ ಅನ್ನಿಸ್ಲೇ ಇಲ್ಲ ನಂಗೆ, ಅದು ಬರುತ್ತೆ. ಸಾಲು ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಒಬ್ಬರ ಹಿಂದೆ ಒಬ್ರು ನಿಲ್ಲಿ ಅಂದ್ರೆ ಎಲ್ಲ ಗುಂಪಾಗಿ ಗೋಡೆಗೆ ಅಂಟ್ಕೊಂಡು ನಿಂತ್ವು. ಪಕ್ಕದಲ್ಲಿ ಕೂತ ಮಗುವಿನ ಕೈ ತಾಗಿದ್ರೆ ಚೀರೋ ಮಗು ಇತ್ತು. ಹತ್ತೊಂಬತ್ತು ತಿಂಗಳು ಮನೇಲಿ ಒಂದೇ ಮಗುವಾಗಿ ಫೋನ್ ನೋಡ್ಕೊಂಡು ಇದ್ದದ್ದು, ಫೋನು ಇವನು ಒತ್ತಿದ ತಕ್ಷಣ ಕೇಳುತ್ತೆ, ಪಕ್ಕದ ಹುಡುಗ ಕೇಳಲ್ಲ, ಅಷ್ಟೇ ವ್ಯತ್ಯಾಸ. ಮಾರನೇ ವರ್ಷ ಸರ್ಕಾರ ಕಲಿಕಾ ಚೇತರಿಕೆ ಅಂತ ಮಾಡ್ತು, ಹಾಳೆಗಳು ಬಂದ್ವು, ಓದೋದು ಬರೆಯೋದು ಲೆಕ್ಕ ಎಲ್ಲ ಚೇತರಿಸ್ಕೊಳ್ತು ಅನ್ನಿ. ಠೂ ಬಿಟ್ಟು ರಾಜಿ ಆಗೋದನ್ನ ಚೇತರಿಸೋ ಹಾಳೆ ಅದ್ರಲ್ಲಿ ನಂಗೆ ಸಿಗ್ಲಿಲ್ಲ.

ನಲಿಕಲಿ ಗೊತ್ತಿಲ್ದೋರಿಗೆ ಎರಡು ಮಾತು. ಒಂದು ಎರಡು ಮೂರನೇ ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂರ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಲ್ಲಿ ನಮ್ಮಂಥ ಮೇಷ್ಟ್ರುಗಳೇ ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ ನೋಡ್ಕೊಂಡು ಬಂದು ಯುನಿಸೆಫ್ ಸಹಾಯದಲ್ಲಿ ಶುರು ಮಾಡಿದ್ದು, 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗೂ ಬಂತು. ಮಗು ಕಲಿಕಾ ಏಣಿ, ಅಂದ್ರೆ ಯಾವುದಾದ್ಮೇಲೆ ಯಾವುದು ಕಲೀಬೇಕು ಅನ್ನೋ ಚಾರ್ಟ್ ನೋಡಿ ತನ್ನ ಕಾರ್ಡ್ ತಾನೇ ತಗೊಂಡು ತನ್ನ ತಟ್ಟೆಗೆ ಹೋಗಿ ಕೂರುತ್ತೆ. ತಟ್ಟೆ ಅಂದ್ರೆ ಊಟದ್ದಲ್ಲ, ಗುಂಪಿಗೆ ಹಂಗಂತೀವಿ. ಐದು ತಟ್ಟೆ ಇರುತ್ತೆ, ಒಂದರಲ್ಲಿ ಟೀಚರ್ ಪೂರ್ತಿ ಜೊತೆಲಿರ್ತಾರೆ, ಒಂದರಲ್ಲಿ ಅರ್ಧಂಬರ್ಧ, ಮಧ್ಯದವುಗಳಲ್ಲಿ ಮಕ್ಕಳೇ ಮಕ್ಕಳಿಗೆ ಹೇಳ್ಕೊಡ್ಬೇಕು, ಕೊನೇದ್ರಲ್ಲಿ ತಾನೇ ಕಲೀಬೇಕು. ನಲಿಕಲಿನ ಬೈಯೋರು ಬೇಕಾದಷ್ಟು ಜನ ಇದಾರೆ, ನಾನೂ ದಾಖಲೆ ತುಂಬೋವಾಗ ಬೈತೀನಿ, ಆದ್ರೆ ಈ ಮಧ್ಯದ ತಟ್ಟೆ ಇದೆಯಲ್ಲ, ಅಂಥ ಜಾಗ ನಂಗೆ ಬೇರೆಲ್ಲೂ ಸಿಕ್ಕಿಲ್ಲ. ಟೀಚರ್ ಇಲ್ದೆ ನಾಲ್ಕು ಮಕ್ಕಳು, ಎರಡು ರಬ್ಬರ್, ಒಂದು ಶಾರ್ಪ್‌ನರ್, ಒಬ್ಬಳಿಗೆ ಬರುತ್ತೆ ಮೂವರಿಗೆ ಬರಲ್ಲ. ಜಗಳ ಅಲ್ಲೇ ಹುಟ್ಟೋದು. ಮೊದಲು ಜಗಳ ಶುರುವಾದ ತಕ್ಷಣ ಓಡಿ ಹೋಗ್ತಿದ್ದೆ, ಈಗ ಒಂದು ನಿಮಿಷ ಬೇರೆ ಕಡೆ ನೋಡ್ತಾ ಕಿವಿ ಅಲ್ಲೇ ಇಟ್ಕೊಂಡಿರ್ತೀನಿ. ಅರ್ಧಕ್ಕರ್ಧ ತಾನಾಗೇ ಮುಗಿಯುತ್ತೆ. ಕೈ ಎತ್ತಿದ್ರೆ ಮಾತ್ರ ಹೋಗ್ತೀನಿ.

ಹೋದಾಗ ಸಾರಿ ಕೇಳು ಅನ್ನೋದು ಬಿಟ್ಟಿದೀನಿ. "ಏನ್ ಮಾಡಿದ್ರೆ ಸರಿ ಹೋಗುತ್ತೆ ಅಂತ ಅವನನ್ನೇ ಕೇಳು" ಅಂತೀನಿ. ಮೊದಮೊದಲು "ನಾನೂ ಒಂದು ವಡುದ್ರೆ ಸರಿ ಓಯ್ತದೆ ಮಿಸ್" ಅನ್ನೋ ಉತ್ತರ ಬರೋದು, ನ್ಯಾಯವಾಗೇ ಇದೆ ಅದು ಅವರ ಪ್ರಕಾರ. ಹೊಡೆಯೋದು ಬಿಟ್ಟು ಬೇರೆ ಹೇಳು ಅಂದ್ರೆ ಯೋಚನೆ ಮಾಡ್ತಾರೆ. ನನ್ ಸ್ಲೇಟ್ ಒರೆಸ್ಕೊಡ್ಲಿ. ಹರಿದಿರೋ ಪುಸ್ತಕಕ್ಕೆ ಅಂಟು ಹಾಕ್ಕೊಡ್ಲಿ. ಇವತ್ತು ಬಸ್ಸಾಟದಲ್ಲಿ ನಾನೇ ಡ್ರೈವರ್. ಒಂದು ಸಲ ಒಬ್ಬ "ಅವ್ನು ಸುಮ್ಕೆ ನನ್ ಪಕ್ಕ ಕುಂತ್ಕಳ್ಳಿ" ಅಂದ, ಹೊಡೆದವನು ಹೋಗಿ ಕೂತ, ಇಬ್ರೂ ಮಾತಾಡ್ಲಿಲ್ಲ, ಮಗ್ಗಿ ಬರೀತಾ ಇದ್ರು, ಅರ್ಧ ಗಂಟೆ ಆದ್ಮೇಲೆ ನೋಡಿದ್ರೆ ಇಬ್ರೂ ಸೇರಿ ಮೂರನೆಯವನ ಚಡ್ಡಿಗೆ ಸೀಮೆಸುಣ್ಣ ಬಳೀತಿದ್ರು.

ಆರು ವರ್ಷದ ಮಗುವಿಗೆ ಇನ್ನೊಬ್ರ ಮನಸ್ಸು ಗೊತ್ತಾಗುತ್ತಾ ಅಂತ ಕೇಳ್ತೀರಾ? ಗೊತ್ತಾಗುತ್ತೆ. ಹೈನ್ಸ್ ವಿಮ್ಮರ್, ಜೋಸೆಫ್ ಪರ್ನರ್ ಅಂತ ಇಬ್ರು ಮನೋವಿಜ್ಞಾನಿಗಳು 1983ರಲ್ಲಿ ಒಂದು ಪ್ರಯೋಗ ಪ್ರಕಟ ಮಾಡಿದ್ರು. ಮ್ಯಾಕ್ಸಿ ಅನ್ನೋ ಹುಡುಗ ಚಾಕೊಲೇಟ್ ಒಂದು ಕಪಾಟಲ್ಲಿಟ್ಟು ಆಡೋಕೆ ಹೋಗ್ತಾನೆ, ಅಮ್ಮ ಅದನ್ನ ಇನ್ನೊಂದು ಕಪಾಟಿಗೆ ಇಡ್ತಾಳೆ, ಮ್ಯಾಕ್ಸಿ ವಾಪಸ್ ಬಂದು ಎಲ್ಲಿ ಹುಡುಕ್ತಾನೆ? ಮೂರು ವರ್ಷದ ಮಕ್ಕಳು ಈಗಿರೋ ಜಾಗ ತೋರಿಸ್ತಾರೆ, ಅಂದ್ರೆ ನಂಗೆ ಗೊತ್ತಿರೋದು ಎಲ್ರಿಗೂ ಗೊತ್ತು ಅಂತ. ಐದಾರು ವರ್ಷಕ್ಕೆ ಬರೋ ಹೊತ್ತಿಗೆ ಹೆಚ್ಚಿನೋರು ಸರಿಯಾಗಿ ಹೇಳ್ತಾರೆ. ನಾನು ಚಾಕೊಲೇಟ್ ಬದಲು ಸೀಮೆಸುಣ್ಣದ ಡಬ್ಬಿ ಇಟ್ಕೊಂಡು, ಎಚ್‌ಎಂ ಸರ್‌ನೇ ಮ್ಯಾಕ್ಸಿ ಮಾಡಿ ಮಾಡಿಸ್ದೆ. ಎಲ್ಲ ಮಕ್ಕಳೂ "ಸಾರು ಬೀರೂಲೇ ಹುಡುಕ್ತಾರೆ, ಪಾಪ ಅವ್ರಿಗೆ ಗೊತ್ತಿಲ್ಲ" ಅಂತ ಕಿಸಿಕಿಸಿ ನಕ್ವು. ಗೊತ್ತಿದೆ ಅಂತಾಯ್ತಲ್ಲ. ಅದೇ ಮಗು ಹತ್ತು ನಿಮಿಷ ಆದ್ಮೇಲೆ ಪಕ್ಕದವಳು ತಿಳೀದೆ ಇವಳ ಪುಸ್ತಕ ತಗೊಂಡಿದ್ದಕ್ಕೆ "ಬೇಕು ಬೇಕಂತ್ಲೇ ತಗಂಡವ್ಳೆ" ಅಂತ ಜಡೆ ಹಿಡ್ಕೊಂಡ್ಲು. ಕೋಪ ಬಂದಾಗ ಆರು ವರ್ಷ ಮೂರು ವರ್ಷ ಆಗುತ್ತೆ. ನಲವತ್ತೂ ಆಗುತ್ತೆ ಬಿಡಿ, ನಮ್ಮ ಸ್ಟಾಫ್ ಮೀಟಿಂಗ್ ನೋಡಿದ್ರೆ.

ಹಾಲಿನ ಸಾಲು, ಮೊಟ್ಟೆ ಸಾಲು ಇವೆರಡು ನನ್ ದೊಡ್ಡ ಪಾಠಶಾಲೆ. 2013ರ ಆಗಸ್ಟಲ್ಲಿ ಕ್ಷೀರಭಾಗ್ಯ ಶುರುವಾದಾಗಿಂದ ಬೆಳಿಗ್ಗೆ 150 ಮಿಲಿ ಬಿಸಿ ಹಾಲು. ಮೊಟ್ಟೆ 2024ರ ಸೆಪ್ಟೆಂಬರಿಂದ ವಾರಕ್ಕೆ ಆರು ದಿನ ಆಯ್ತು, ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಟ್ಟಿದ್ದು. ಮೊಟ್ಟೆ ತಿನ್ನದೋರಿಗೆ ಬಾಳೆಹಣ್ಣು, ಮೊದ್ಲು ಚಿಕ್ಕಿನೂ ಇತ್ತು, 2025ರಲ್ಲಿ ಅದು ನಿಂತೋಯ್ತು. ಒಂದನೇ ಕ್ಲಾಸಿನವಕ್ಕೆ ಮೊಟ್ಟೆ ಸುಲಿಯೋಕೆ ಬರಲ್ಲ, ಸಿಪ್ಪೆ ಜೊತೆ ಅರ್ಧ ಬಿಳೀದೂ ಕಿತ್ಕೊಂಡು ಬರುತ್ತೆ, ಅದಕ್ಕೆ ಮೂರನೇ ಕ್ಲಾಸಿನೋರು ಸುಲಿದು ಕೊಡ್ಬೇಕು ಅಂತ ಮಾಡಿದೆ. ವಾರದೊಳಗೆ ಅದಕ್ಕೂ ಒಂದು ರೇಟ್ ಫಿಕ್ಸ್ ಆಗಿತ್ತು, ಸುಲಿದಿದ್ದಕ್ಕೆ ಹಳದಿ ಅವರಿಗೆ! ಒಂದನೇ ಕ್ಲಾಸಿನ ಮಕ್ಕಳು ಎಷ್ಟು ದಿನ ಬರೀ ಬಿಳೀದು ತಿಂದ್ವೋ ಏನೋ. ಗೊತ್ತಾದ ದಿನ ಬೈಯ್ಲಿಲ್ಲ, ನಾನೂ ಒಂದು ಮೊಟ್ಟೆ ಕೈಲಿ ಹಿಡ್ಕೊಂಡು ಒಂದನೇ ಕ್ಲಾಸಿನೋರನ್ನ ಸುತ್ತ ಕೂರಿಸ್ಕೊಂಡು ಸುಲಿಯೋದು ಕಲಿಸಿದೆ, ಮೊದ್ಲು ನೆಲಕ್ಕೆ ಕುಟ್ಟು, ಆಮೇಲೆ ಅಂಗೈಲಿ ಉರುಳಿಸು. ಮೂರು ದಿನಕ್ಕೆ ಕಲ್ತ್ವು. ಮೂರನೇ ಕ್ಲಾಸಿನ ವ್ಯಾಪಾರಿಗಳ ಮುಖ ನೋಡ್ಬೇಕಿತ್ತು. ಬಾಳೆಹಣ್ಣಿನ ಮಕ್ಕಳದ್ದು ಬೇರೆ ಕತೆ, ಇಡೀ ಸಾಲಲ್ಲಿ ಇಬ್ರೇ, ಏನೋ ಕಳ್ಕೊಂಡೋರ ತರ ಮೂಲೇಲಿ ಹೋಗಿ ತಿಂತಿದ್ವು. ಸಾಲು ಬೇರೆ ಬೇರೆ ಇದ್ದಿದ್ದೇ ತಪ್ಪು, ಅದು ನಮ್ಮದೇ ತಪ್ಪು, ಬಡಿಸೋಕೆ ಸುಲಭ ಅಂತ ಮಾಡ್ಕೊಂಡಿದ್ವಿ. ಒಂದೇ ಸಾಲು ಮಾಡಿ ಎರಡು ಬುಟ್ಟಿ ಪಕ್ಕಪಕ್ಕ ಇಟ್ವಿ, ಅಷ್ಟಕ್ಕೇ ಮೂಲೆ ಖಾಲಿ ಆಯ್ತು.

ಚಾಡಿ ಬಗ್ಗೆ ಹೇಳ್ಲೇಬೇಕು. ದಿನಕ್ಕೆ ನಲವತ್ತು ಚಾಡಿ ಬರುತ್ತೆ ನಂಗೆ. ಚಾಡಿ ಹೇಳ್ಬೇಡ ಹೋಗು ಅನ್ನೋದು ಟೀಚರ್ ಬಾಯಿಗೆ ಸುಲಭವಾಗಿ ಬರೋ ಮಾತು, ನಾನೂ ಅಂತಿದ್ದೆ. ನಾಳೆ ಆ ಮಗುವಿಗೆ ಯಾರೋ ದೊಡ್ಡೋರು ಏನೋ ಮಾಡಿದ್ರೆ ಅದು ಬಂದು ಹೇಳುತ್ತಾ? ಹೇಳಿದ್ರೆ ಬೈತಾರೆ ಅಂತ ನಾವೇ ಕಲಿಸಿರ್ತೀವಲ್ಲ. ಈಗ ಒಂದೇ ಪ್ರಶ್ನೆ ಕೇಳ್ತೀನಿ, ಯಾರಿಗಾದ್ರೂ ನೋವಾಗ್ತಿದ್ಯಾ? ಅವ್ನು ಕಾರ್ಡ್ ತಲೆಕೆಳಗಾಗಿ ಇಟ್ಟ ಅನ್ನೋದಕ್ಕೆ ಇಲ್ಲ ಅಂತ ಅವರೇ ಹೇಳಿ ವಾಪಸ್ ಹೋಗ್ತಾರೆ, ಅವಳು ಬಾತ್‌ರೂಮ್ ಹಿಂದೆ ಅಳ್ತಾವ್ಳೆ ಅನ್ನೋದಕ್ಕೆ ನಾನು ಎದ್ದು ಹೋಗ್ತೀನಿ.

ಹಂಗೆ ಅಳ್ತಿದ್ದ ಹುಡುಗಿಯಿಂದಾನೇ ನಂಗೆ ಇನ್ನೊಂದು ವಿಷಯ ತಿಳಿದಿದ್ದು. ನಮ್ಮಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಒಂದು ಪದ್ಧತಿ ಇದೆಯಲ್ಲ, ಚಿಕ್ಕ ಮಕ್ಕಳು ಹಠ ಮಾಡಿದ್ರೆ ಆಟಕ್ಕೆ ಸೇರಿಸ್ಕೋತಾರೆ, ಔಟಾದ್ರೂ ಔಟಲ್ಲ, ಓಡಿಸ್ಕೊಂಡು ಹೋಗಲ್ಲ. ಎಂಥ ಒಳ್ಳೆ ಪದ್ಧತಿ, ಯಾರು ಕಂಡುಹಿಡಿದ್ರೋ, ಚಿಕ್ಕೋರನ್ನ ಅಳಿಸ್ದೆ ಆಟಾನೂ ಕೆಡಿಸ್ದೆ. ಈ ಹುಡುಗಿಗೆ ಆಗಿದ್ದು ಏನಂದ್ರೆ ಒಂದನೇ ಕ್ಲಾಸಲ್ಲಿ ಲೆಕ್ಕಕ್ಕಿಲ್ಲ ಅಂತ ಸೇರಿಸ್ಕೊಂಡ್ರು, ಮೂರನೇ ಕ್ಲಾಸಿಗೆ ಬಂದ್ರೂ ಲೆಕ್ಕಕ್ಕೆ ತಗೊಂಡಿಲ್ಲ. ಮಾತು ಕಮ್ಮಿ, ಸ್ವಲ್ಪ ನಿಧಾನ. ಯಾರೂ ಬೈಯಲ್ಲ, ಯಾರೂ ತಳ್ಳಲ್ಲ, ಯಾರೂ ಮುಟ್ಟೋದೂ ಇಲ್ಲ. ಕೆರೆ ದಡ ಆಡೋವಾಗ ದಡ ಅಂದಾಗ ಇವಳು ಕೆರೇಲೇ ನಿಂತ್ಲು, ಯಾರೂ ಔಟ್ ಅನ್ಲಿಲ್ಲ, ಅಳ್ತಾ ಬಾತ್‌ರೂಮ್ ಹಿಂದೆ ಹೋದ್ಲು. "ನಾನೂ ಔಟಾಗ್ಬೇಕು ಮಿಸ್" ಅಂದ್ಲು. ಮೂರು ವರ್ಷದಲ್ಲಿ ಅವಳು ನನ್ ಹತ್ರ ಆಡಿದ ಅತಿ ಉದ್ದ ಮಾತು ಅದೇ ಇರ್ಬೇಕು. ಮಾರನೇ ದಿನದಿಂದ ಅವಳನ್ನೇ ಕೆರೆ ದಡ ಕೂಗೋಕೆ ನಿಲ್ಲಿಸ್ದೆ, ಎರಡು ದಿನ ಯಾರಿಗೂ ಕೇಳಿಸ್ಲಿಲ್ಲ, ಮೂರನೇ ದಿನ ಕೇಳಿಸ್ತು. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ಸಂಭ್ರಮ ಶನಿವಾರ ಇರುತ್ತಲ್ಲ, ಆವತ್ತು ಪೂರ್ತಿ ಇಂಥ ಆಟಗಳಿಗೇ ಇಟ್ಕೊಂಡಿದೀನಿ, ಮೇಲಿಂದ ಬರೋ ವಿಷಯನೂ ಅದ್ರಲ್ಲೇ ಹೆಂಗೋ ಸೇರಿಸ್ತೀನಿ.

ಅಪ್ಪ ಅಮ್ಮಂದಿರ ವಿಷಯ ಜಾಸ್ತಿ ಬರೆಯಲ್ಲ. ಹೊಡೆದ್ರೆ ತಿರುಗ್ಸಿ ಹೊಡೀಬೇಕು ಅಂತ ನಾನೇ ಹೇಳಿರೋದು ಅನ್ನೋ ಅಪ್ಪಂದಿರು ಪ್ರತಿ ವರ್ಷ ಇಬ್ರು ಸಿಕ್ತಾರೆ. ಅವರ ಜೊತೆ ವಾದ ಮಾಡಲ್ಲ ನಾನು. ಮನೇಲಿ ನಿಮ್ ರೂಲ್ಸು, ಗೇಟ್ ಒಳಗೆ ನಮ್ ರೂಲ್ಸು ಅಂತೀನಿ, ಮಕ್ಕಳಿಗೆ ಇದು ಗೊಂದಲ ಆಗಲ್ಲ, ಅಜ್ಜಿ ಮನೆ ರೂಲ್ಸೇ ಬೇರೆ ಅಂತ ಅವಕ್ಕೆ ಗೊತ್ತೇ ಇರುತ್ತೆ.

ನಂದೇ ಒಂದು ತಪ್ಪು ಬರೀದೆ ಹೋದ್ರೆ ಈ ಬರಹ ಪೂರ್ತಿ ಸುಳ್ಳಾಗುತ್ತೆ. ಮೇಲೆ ಹೇಳಿದ ಬಳ್ಳಾರಿ ಹುಡುಗ ಬಂದು ಒಂದು ತಿಂಗಳು ಆಗಿರ್ಬೇಕು, ಒಬ್ಬಳ ಬಣ್ಣದ ಪೆನ್ಸಿಲ್ ಡಬ್ಬಿ ಕಾಣ್ಲಿಲ್ಲ. ಯಾರೋ "ಅವ್ನೇ ಮಿಸ್" ಅಂದ್ರು. ನಾನು ಯೋಚನೆನೂ ಮಾಡ್ದೆ ಎಲ್ರ ಮುಂದೆ ಅವನ ಬ್ಯಾಗ್ ಸುರಿದೆ. ಅದ್ರಲ್ಲಿದ್ದದ್ದು ಒಂದು ಸ್ಲೇಟು, ಒಂದು ಹರಿದ ಪಟ, ನಾಲ್ಕೈದು ತುಂಡು ಕಬ್ಬು. ಡಬ್ಬಿ ಜಮಖಾನದ ಕೆಳಗೇ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ನಲ್ಲಿ ಹೊಡೆಯಂಗಿಲ್ಲ, ಮಾನಸಿಕ ಹಿಂಸೆನೂ ಕೊಡಂಗಿಲ್ಲ ಅಂತಿದೆ, ನಾನು ಅದನ್ನ ಬೇರೆಯೋರಿಗೆ ತರಬೇತೀಲಿ ಓದಿ ಹೇಳಿದೋಳು. ಕೋಲು ಮುಟ್ಟಿಲ್ಲ ಅಂತ ನಂಗೆ ನಾನೇ ಒಳ್ಳೆ ಟೀಚರ್ ಅಂದ್ಕೊಂಡಿದ್ದೆ. ಕಬ್ಬಿನ ತುಂಡು ಒಂದೊಂದೇ ಎತ್ತಿ ಬ್ಯಾಗಿಗೆ ವಾಪಸ್ ಹಾಕ್ತಿದ್ದ ಅವನು, ನನ್ ಕಡೆ ನೋಡ್ಲೂ ಇಲ್ಲ. ನಾನೂ ನೆಲಕ್ಕೆ ಕೂತು ಅವನ ಜೊತೆ ಎತ್ತಿ ಹಾಕ್ದೆ. ಎಲ್ರಿಗೂ ಕೇಳೋ ಹಾಗೆ "ತಪ್ಪಾಯ್ತು ಕಣೋ ನಂದು, ಕೇಳ್ದೆ ನಿನ್ ಬ್ಯಾಗ್ ಮುಟ್ಟಬಾರ್ದಿತ್ತು" ಅಂದೆ. ರೂಮೆಲ್ಲ ಸೈಲೆಂಟು. ಮಿಸ್ಸು ತಪ್ಪಾಯ್ತು ಅಂದಿದ್ದು ಅವರ್ಯಾರೂ ಕೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಅವನು ದೊಡ್ಡೋರ ತರ "ಇರ್ಲಿ ಬಿಡ್ರೀ ಟೀಚರ್" ಅಂದ. ಏನ್ ಮಾಡಿದ್ರೆ ಸರಿ ಹೋಗುತ್ತೋ ಅಂತ ಕೇಳ್ದೆ, ರೂಲ್ ಎಲ್ರಿಗೂ ಒಂದೇ ಅಲ್ವಾ. ಸ್ವಲ್ಪ ಹೊತ್ತು ಯೋಚನೆ ಮಾಡಿ "ಪಟಕ್ಕೆ ಅಂಟು ಹಾಕ್ಕೊಡ್ರಿ" ಅಂದ.

ಇನ್ನು ಲೇ ಕೇಸು. ಆವತ್ತು ನಾನು ತೀರ್ಪು ಕೊಡ್ಲಿಲ್ಲ, ಇಬ್ರನ್ನೂ ಬೋರ್ಡ್ ಹತ್ರ ಕರೆದು ನಿಮ್ಮೂರಲ್ಲಿ ಫ್ರೆಂಡನ್ನ ಹೆಂಗ್ ಕರೀತಾರೆ ಅಂತ ಕೇಳಿ ಬರೆದೆ. ಇವನು ಬಾರ್ಲಾ, ಅವನು ಬಾರಲೇ. ನಮ್ಮೂರಲ್ಲಿ ಬಾರೋ ಮಾರಾಯ ಅಂತೀವಿ ಅಂತ ನಂದೂ ಸೇರಿಸ್ದೆ. ಮಾರಾಯ ಅನ್ನೋದಕ್ಕೆ ಎಲ್ಲ ಬಿದ್ದು ನಕ್ವು. ಬೈಯೋವಾಗ ಏನಂತೀರಾ ಅಂತ ಕೇಳ್ದೆ, ಅದು ಮಾತ್ರ ಕೇಳಬಾರ್ದಿತ್ತು, ಬೋರ್ಡ್ ಸಾಲ್ತಿರ್ಲಿಲ್ಲ, ಎಚ್‌ಎಂ ಸರ್ ಬಾಗಿಲಲ್ಲಿ ಬಂದು ನಿಂತಿದ್ರು ಬೇರೆ.

ಸೀಸನ್ ಮುಗೀತು. ಕಬ್ಬಿನವರು ಹೇಳಿ ಹೋಗಲ್ಲ, ರಾತ್ರೋರಾತ್ರಿ ಟ್ರಾಕ್ಟರಲ್ಲಿ ಹೊರಟುಬಿಡ್ತಾರೆ, ಸೋಮವಾರ ಹಾಜರಿ ಕರೆಯೋವಾಗ್ಲೇ ನಮಗೆ ಗೊತ್ತಾಗೋದು. ಅವನು ಬರೆದ ಟ್ರಾಕ್ಟರ್ ಚಿತ್ರ ಕ್ಲಾಸಲ್ಲಿ ತಲೆ ಮೇಲೆ ಕಟ್ಟಿರೋ ಚಪ್ಪರದ ದಾರದಲ್ಲಿ ಇನ್ನೂ ನೇತಾಡ್ತಿದೆ. ಅದಾಗಿ ಎರಡು ವಾರಕ್ಕೆ ಆ ಮೂಗು ಸುರಿಸೋ ಹುಡುಗನ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು ಬಂದ್ರು. "ಏನ್ ಮಿಸ್, ಇಸ್ಕೂಲ್ಗೆ ಕಳುಸುದ್ರೆ ಒಳ್ಳೇದ್ ಕಲೀತಾನೆ ಅಂತ ನಾವು, ಇವ್ನು ಮನೆಗ್ ಬಂದು ಅವನ ಅಣ್ಣಂಗೆ ಬಾರಲೇ ಓಗಲೇ ಅಂತಾನಲ್ಲ, ನೀನೇ ಕಲ್ಸಿದ್ಯಂತೆ?"

ನಾನು ಬಾಯಿ ತೆಗೆಯೋಕೆ ಮುಂಚೆ ಒಳಗಿಂದ ಕೂಗಿದ. "ಅದು ಬೈಗಳ ಅಲ್ಲ ಕಣವ್ವಾ, ಅವ್ರೂರಲ್ಲಿ ಜೊತೆಗಾರ್ರಿಗೆ ಅಂಗೇ ಅನ್ನೋದು!"

ಅವ್ವ ಒಪ್ಲಿಲ್ಲ. ಅವರ ಹತ್ರ ಇನ್ನೂ ಮಾತುಕತೆ ನಡೀತಿದೆ.